ಬಣ್ಣಕ್ಕಾಗಿ ಹುಟ್ಟಿಸಿದ ನಡುಕ

ಬಾರ್ಕೂರು ಸಮೀಪದ ಗ್ರಾಮವೊಂದರಿಂದ ಶ್ರಾವಿಕೆಯೊಬ್ಬರು ಬರೆದ ಪತ್ರ ಎರಡು ವಾರಗಳಿಂದ ನನ್ನ ಮೇಜಿನ ಮೇಲಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಪರಿಚಿತರೊಬ್ಬರಿಂದ ವಿದೇಶೀ ಹೆಬ್ಬಾವಿನ ಮರಿಯೊಂದನ್ನು ಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಿದ್ದಾನೆ. ಹೊಂಬಣ್ಣದ ಮೈ, ಅದರ ಮೇಲೆ ಜೇಡರ ಬಲೆಯಂತೆ ಹೆಣೆದ ಸಪುರ ಕಪ್ಪು ಗೆರೆಗಳು. ನೋಡುವುದಕ್ಕೆ ಚೆಂದವೇ. ಆದರೆ ಅದು ತಲೆ ಎತ್ತಿದೊಡನೆ ಕತ್ತು ಒಂದು ಬದಿಗೆ ವಾಲುತ್ತದೆ, ತಲೆ ತೂಗಾಡುತ್ತದೆ, ಕೆಲವೊಮ್ಮೆ ಮೈ ತಿರುಚಿಕೊಂಡು ಹೊಟ್ಟೆ ಮೇಲಾಗಿ ಬೀಳುತ್ತದೆ. ಮಗ ಕಳುಹಿಸಿದ ವಿಡಿಯೋ ನೋಡಿದಂದಿನಿಂದ ತಾಯಿಗೆ ಸರಿಯಾಗಿ ನಿದ್ದೆ ಬಂದಿಲ್ಲ. ಅವರು ಕೇಳಿದ್ದಾರೆ: ‘ಮಾಷ್ಟ್ರೇ, ಇದು ನಾಗದೋಷವೇ? ಆ ಜೀವದ ಪೂರ್ವಕರ್ಮವೆಂದು ಸುಮ್ಮನಿರಬಹುದೇ? ನಮ್ಮ ಮನೆತನದ ನಾಗಬನದಲ್ಲಿ ತಂದು ಬಿಟ್ಟರೆ ಅದಕ್ಕೂ ನಮಗೂ ಶಾಂತಿಯಾದೀತೇ?’

ಈ ಪ್ರಶ್ನೆಗಳನ್ನು ಒಂದು ಮನೆಯ ಆತಂಕವೆಂದು ಬದಿಗಿಡುವಂತಿಲ್ಲ. 2023ರ ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನನಿಲ್ದಾಣಕ್ಕೆ ಬಂದ ವಿಮಾನದಲ್ಲಿ ವಾರಸುದಾರರಿಲ್ಲದ ಸಾಮಾನು ಸಿಕ್ಕಿತು. ಕಸ್ಟಮ್ಸ್ ಅಧಿಕಾರಿಗಳು ಅದನ್ನು ಬಿಡಿಸಿದಾಗ ಒಳಗಿದ್ದದ್ದು 78 ಪ್ರಾಣಿಗಳು: 55 ಬಾಲ್ ಪೈಥಾನ್ ಹಾವುಗಳು, 17 ಕಾಳಿಂಗ ಸರ್ಪಗಳು, ಆರು ಕ್ಯಾಪುಚಿನ್ ಮಂಗಗಳು. ಮಂಗಗಳು ಸತ್ತಿದ್ದವು. ಹಾವುಗಳು ಜೀವಂತವಾಗಿದ್ದವು. ಆ ಐವತ್ತೈದು ಬಾಲ್ ಪೈಥಾನ್‌ಗಳನ್ನು ಕುರಿತು ವರದಿಗಳಲ್ಲಿದ್ದ ಒಂದು ಮಾತನ್ನು ನಾವು ಬಹುಶಃ ಗಮನಿಸದೆ ದಾಟಿದೆವು. ಅವು ‘ವಿವಿಧ ಬಣ್ಣದ ತಳಿ’ಯವು. ಕಾಡಿನಲ್ಲಿ ಸಾಮಾನ್ಯವಾಗಿ ಇರುವ ಕಂದು ಬಣ್ಣದ ಹಾವಲ್ಲ. ಜೋಡಿ ಆರಿಸಿ, ಲೆಕ್ಕ ಹಾಕಿ, ಬೇಕಾದ ಬಣ್ಣ ಬರುವಂತೆ ಮೊಟ್ಟೆಯಿಡಿಸಿ ಪಡೆದ ಹಾವು. ಆ ತಾಯಿಯ ಮಗನ ಪೆಟ್ಟಿಗೆಯಲ್ಲಿರುವುದೂ ಇದೇ ಬಗೆಯ ಒಂದು ಜೀವ.

ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಮೊದಲಾದ ದೇಶಗಳದು. ವಿಷವಿಲ್ಲ, ಸ್ವಭಾವ ಸೌಮ್ಯ. ಹೆದರಿದಾಗ ಕಚ್ಚಲು ಬಾರದೆ ತಲೆಯನ್ನು ನಡುವಿಗೆ ಎಳೆದುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ; ಹೆಸರು ಬಂದದ್ದೇ ಹಾಗೆ. ಬೆನಿನ್ ದೇಶದ ಉಯಿದಾ ಪಟ್ಟಣದಲ್ಲಿ ಈ ಹಾವಿಗೊಂದು ಗುಡಿಯೇ ಇದೆ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಯಂಗಳಕ್ಕೆ ನಾಗರ ಬಂದರೆ ಕೈಮುಗಿದು ದಾರಿ ಬಿಡುವಂತೆ ಅಲ್ಲಿಯ ಜನರೂ ಮನೆಯೊಳಗೆ ಬಂದ ಹೆಬ್ಬಾವನ್ನು ಗೌರವದಿಂದ ಎತ್ತಿ ಗುಡಿಗೆ ಮರಳಿಸುತ್ತಾರೆ. ಸಮುದ್ರದಾಚೆಯ ಆ ಜನ ಪೂಜಿಸುವ ಜೀವವನ್ನೇ ಸಮುದ್ರ ದಾಟಿಸಿ ವ್ಯಾಪಾರಕ್ಕಿಟ್ಟಿರುವುದು ಇಂದಿನ ಸ್ಥಿತಿ.

ಮೊದಲು ವ್ಯಾಪಾರಕ್ಕೆ ಹೋದದ್ದು ಹಿಡಿದ ಹಾವುಗಳು. 1992ರಲ್ಲಿ ಅಮೆರಿಕದಲ್ಲಿ ಬಿಳಿ-ಹಳದಿ ಬಣ್ಣದ ವರ್ಣಹೀನ ಮರಿಗಳನ್ನು ಸೆರೆಯಲ್ಲೇ ಹುಟ್ಟಿಸಿದ ಮೇಲೆ ದಿಕ್ಕು ಬದಲಾಯಿತು. ಅಪರೂಪದ ಬಣ್ಣಕ್ಕೆ ಅಪರೂಪದ ಬೆಲೆ ಬಂದಿತು. ಇಂದು ಒಂದು ಬಣ್ಣದೊಡನೆ ಇನ್ನೊಂದನ್ನು ಬೆರೆಸಿ ಪಡೆದ ತಳಿಗಳನ್ನು ಸಾವಿರಗಳಲ್ಲಿ ಎಣಿಸುತ್ತಾರೆ. ಆ ತಾಯಿಯ ಮಗ ಕೊಂಡಿರುವುದನ್ನು ‘ಸ್ಪೈಡರ್’ ಎಂದು ಕರೆಯುತ್ತಾರೆ. 1999ರಲ್ಲಿ ಅಮೆರಿಕದಲ್ಲಿ ಮೊದಲು ಸಿದ್ಧವಾದ ಈ ತಳಿಯ ಮೂಲ ಆಫ್ರಿಕಾದಿಂದ ಹಿಡಿದು ತಂದ ಒಂದೇ ಹಾವು. ಜಗತ್ತಿನ ಇಂದಿನ ಸ್ಪೈಡರ್ ಹಾವುಗಳೆಲ್ಲ ಅದರ ಸಂತತಿ. ಮೈಮೇಲಿನ ಆ ಬಲೆಯೊಡನೆ ತಲೆಯ ನಡುಕವೂ ಸಂತತಿಗೆ ಇಳಿದಿದೆ.

ಈ ನಡುಕ ಏನೆಂಬುದು ಬಹುಕಾಲ ಸಾಕುವವರ ನಡುವಿನ ವಾದವಾಗಿಯೇ ಉಳಿದಿತ್ತು. ‘ಕೆಲವಕ್ಕೆ ಮಾತ್ರ ಬರುತ್ತದೆ’, ‘ಬಿಸಿ ಹೆಚ್ಚಾದಾಗ ಹಾಗಾಗುತ್ತದೆ’, ‘ಒಳ್ಳೆಯ ಜೋಡಿ ಆರಿಸಿದರೆ ಹೋಗುತ್ತದೆ’ ಎಂಬ ಸಮಾಧಾನಗಳಿದ್ದವು. 2014ರಲ್ಲಿ ಇಂಗ್ಲೆಂಡಿನ ಇಬ್ಬರು ಪಶುವೈದ್ಯ ಸಂಶೋಧಕರು ಈ ಹಾವಿನ ನರದೋಷವನ್ನೂ ಅದರ ಕ್ಷೇಮವನ್ನೂ ಕುರಿತು ಲೇಖನ ಪ್ರಕಟಿಸಿದರು. 2022ರಲ್ಲಿ ಜರ್ಮನಿಯ ಸಂಶೋಧಕರು ಸೂಕ್ಷ್ಮ ಸಿ.ಟಿ. ಚಿತ್ರಗಳ ಮೂಲಕ ಸ್ಪೈಡರ್ ಹಾವುಗಳ ಒಳಗಿವಿಯನ್ನು ಸಾಮಾನ್ಯ ಬಾಲ್ ಪೈಥಾನಿನ ಒಳಗಿವಿಯೊಡನೆ ಹೋಲಿಸಿ ನೋಡಿದರು. ಹಾವಿಗೆ ಹೊರಗಿವಿಯಿಲ್ಲದಿದ್ದರೂ ಒಳಗಿವಿಯಿದೆ. ಅದರಲ್ಲಿರುವ ಮೂರು ಅರೆವೃತ್ತ ನಾಳಗಳು ಮತ್ತು ಸ್ಯಾಕ್ಯುಲಸ್ ಎಂಬ ಸಣ್ಣ ಚೀಲ, ಮೈ ಯಾವ ಕಡೆ ವಾಲಿದೆ, ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ತಿಳಿಸುತ್ತವೆ. ಸ್ಪೈಡರ್ ಹಾವುಗಳಲ್ಲಿ ಈ ಎರಡೂ ಅಂಗಗಳ ಆಕಾರವೇ ಕೆಟ್ಟಿತ್ತು.

ಮೈಬಣ್ಣಕ್ಕೂ ಕಿವಿಗೂ ಏನು ನಂಟು ಎಂದು ಓದುಗರಿಗೆ ಅನಿಸಬಹುದು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಭ್ರೂಣದ ನರಪಟ್ಟಿಯ ಅಂಚಿನಲ್ಲಿ ಹುಟ್ಟಿ ದೇಹದ ಉದ್ದಗಲಕ್ಕೆ ಹರಡುತ್ತವೆ. ಅದೇ ಮೂಲದ ಕೋಶಗಳು ಒಳಗಿವಿಗೂ ಹೋಗುತ್ತವೆ. ಆದ್ದರಿಂದ ಬಣ್ಣವನ್ನು ತಿದ್ದುವ ವಂಶವಾಹಿ ಕೆಲವೊಮ್ಮೆ ಕಿವಿಯನ್ನೂ ಮುಟ್ಟುತ್ತದೆ. ಡಾಲ್ಮೇಷಿಯನ್ ನಾಯಿಗಳಲ್ಲಿ ಕಿವುಡುತನ ಹೆಚ್ಚಿರುವುದು, ನೀಲಿ ಕಣ್ಣಿನ ಅಚ್ಚ ಬಿಳಿ ಬೆಕ್ಕುಗಳಲ್ಲಿ ಅನೇಕವು ಕಿವುಡಾಗಿರುವುದು ಇದರಿಂದಲೇ. ಈ ದೋಷ ಸ್ಪೈಡರ್ ಒಂದರದಲ್ಲ. ‘ಶಾಂಪೇನ್’ ಎಂಬ ತಳಿಗೂ, ‘ಜಾಗ್ವಾರ್’ ಎಂಬ ಬೇರೊಂದು ಜಾತಿಯ ಹೆಬ್ಬಾವಿನ ತಳಿಗೂ ತಲೆನಡುಕವಿದೆ. ‘ಕ್ಯಾರಮೆಲ್’ ಎಂಬುದರಲ್ಲಿ ಬೆನ್ನೆಲುಬು ಸೊಟ್ಟಗಾಗುತ್ತದೆ. ‘ಡೆಸರ್ಟ್’ ಎಂಬ ತಳಿಯ ಹೆಣ್ಣು ಹಾವುಗಳು ಮೊಟ್ಟೆಯಿಡಲಾರದೆ ಸಂಕಟಪಡುತ್ತವೆ. ಸಾಕುವ ಹಲ್ಲಿಗಳಲ್ಲೂ ‘ಲೆಮನ್ ಫ್ರಾಸ್ಟ್’ ಎಂಬ ಹೊಳೆಯುವ ತಳಿಯಿದೆ. ಆ ಹೊಳಪು ಕೊಡುವ ವಂಶವಾಹಿಯೇ ಅವುಗಳ ಚರ್ಮದಲ್ಲಿ ಗಡ್ಡೆ ಬೆಳೆಸುತ್ತದೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಆ ತಾಯಿಯ ಮೊದಲ ಪ್ರಶ್ನೆಗೆ ಇಷ್ಟು ಸಾಕು. ಇದು ನಾಗದೋಷವಲ್ಲ. ಯಾವ ಆಶ್ಲೇಷಾಬಲಿಯೂ ಈ ಒಳಗಿವಿಯ ನಾಳಗಳನ್ನು ನೇರ್ಪಡಿಸದು. ಮನೆಗೆ ಕೇಡಾದೀತೆಂಬ ಹೆದರಿಕೆಯನ್ನು ಬಿಡಬಹುದು.

ಎರಡನೆಯ ಪ್ರಶ್ನೆ ಅಷ್ಟು ಹಗುರವಲ್ಲ. ‘ಆ ಜೀವದ ಪೂರ್ವಕರ್ಮ’ ಎಂಬ ಮಾತು ನಮ್ಮ ಬಾಯಲ್ಲಿ ಬಹಳ ಸುಲಭವಾಗಿ ಬರುತ್ತದೆ. ಸಿದ್ಧಾಂತದ ದೃಷ್ಟಿಯಿಂದ ಅದು ಸುಳ್ಳೂ ಅಲ್ಲ. ಜೀವವು ಯಾವ ಬಗೆಯ ಶರೀರ, ಯಾವ ಅಂಗೋಪಾಂಗಗಳನ್ನು ಪಡೆಯುತ್ತದೆಂಬುದು ನಾಮಕರ್ಮದ ಉದಯ. ಆ ಶರೀರದಲ್ಲಿ ದುಃಖ ಅನುಭವಿಸುವುದು ಅಸಾತಾವೇದನೀಯ ಕರ್ಮದ ಉದಯ. ಹೀಗಿರುವಾಗ ತಳಿ ಮಾಡಿದವನದೇನು ತಪ್ಪು, ಕೊಂಡವನದೇನು ತಪ್ಪು ಎಂದು ವಿದ್ಯಾವಂತರೇ ಕೇಳುವುದನ್ನು ನಾನು ಕೇಳಿದ್ದೇನೆ. ಕರ್ಮಸಿದ್ಧಾಂತವನ್ನು ಹೀಗೆ ಬಳಸುವುದಾದರೆ ಅಹಿಂಸಾವ್ರತಕ್ಕೆ ಅರ್ಥವೇ ಉಳಿಯುವುದಿಲ್ಲ. ಕಟುಕನ ಕತ್ತಿಗೆ ಸಿಕ್ಕ ಪಶುವಿಗೂ ಕರ್ಮೋದಯವಿದೆ. ಅಷ್ಟರಿಂದ ಕಟುಕ ನಿರ್ದೋಷಿಯಾಗುವುದಿಲ್ಲ. ದುಃಖಪಡುವ ಜೀವದ ಕರ್ಮ ಆ ಜೀವಕ್ಕೆ ಸಂಬಂಧಿಸಿದ್ದು. ನಿಮಿತ್ತನಾಗಿ ನಿಂತವನ ಕಷಾಯ ಮತ್ತು ಪ್ರಮಾದ ಅವನಿಗೆ ಹೊಸ ಬಂಧವನ್ನು ತರುತ್ತವೆ. ಎರಡು ಲೆಕ್ಕಗಳು ಬೇರೆ ಬೇರೆ. ಒಂದರಿಂದ ಇನ್ನೊಂದನ್ನು ಕಳೆಯಲು ಬಾರದು.

ಇದನ್ನು ಸ್ಪಷ್ಟಪಡಿಸುವ ಕಥೆಯೊಂದು ನಮ್ಮೆಲ್ಲರ ಮನೆಯದೇ. ಪಾರ್ಶ್ವನಾಥ ಸ್ವಾಮಿಯ ತಲೆಯ ಮೇಲೆ ಏಳು ಹೆಡೆಗಳ ಛತ್ರವನ್ನೂ, ಘಟ್ಟದ ಮೇಲಿನ ಹೊಂಬುಜದಲ್ಲಿ ಪದ್ಮಾವತಿ ಅಮ್ಮನನ್ನೂ ನೋಡಿ ಕೈಮುಗಿಯುವ ಯಾರೂ ಆ ಕಥೆಯನ್ನು ಮರೆತಿರಲಾರರು. ರಾಜಕುಮಾರ ಪಾರ್ಶ್ವನು ಕಾಡಿನಲ್ಲಿ ಪಂಚಾಗ್ನಿ ತಪಸ್ಸು ಮಾಡುತ್ತಿದ್ದ ತಾಪಸನನ್ನು ಕಾಣುತ್ತಾನೆ. ತಾಪಸನು ಬೆಂಕಿಗೆ ಹಾಕಲು ಮರದ ತುಂಡನ್ನು ಸೀಳಹೊರಟಾಗ, ಅದರೊಳಗೆ ಜೀವಗಳಿವೆ, ಕೊಡಲಿ ಎತ್ತಬೇಡ ಎಂದು ತಡೆಯುತ್ತಾನೆ. ತಾಪಸ ಕೇಳುವುದಿಲ್ಲ. ಕೊಡಲಿ ಬೀಳುತ್ತದೆ, ಒಳಗಿದ್ದ ಹಾವಿನ ಜೋಡಿ ತುಂಡಾಗುತ್ತದೆ. ಸಾಯುವ ಆ ಜೋಡಿ ಪಾರ್ಶ್ವನ ಉಪದೇಶದಿಂದ ಶಾಂತಭಾವ ತಳೆದು ಮುಂದೆ ಧರಣೇಂದ್ರ-ಪದ್ಮಾವತಿಯರಾಗಿ ಹುಟ್ಟುತ್ತದೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಧರಣೇಂದ್ರನ ಕಡೆಯಿಂದ ಓದುತ್ತೇವೆ. ಒಮ್ಮೆ ತಾಪಸನ ಕಡೆಯಿಂದ ಓದಿ ನೋಡಬೇಕು. ಅವನಿಗೆ ಹಾವುಗಳನ್ನು ಕೊಲ್ಲುವ ಬಯಕೆ ಇರಲಿಲ್ಲ. ಅವುಗಳ ಮೇಲೆ ದ್ವೇಷವಿರಲಿಲ್ಲ. ಅವನಿಗೆ ಬೇಕಿದ್ದುದು ಕಟ್ಟಿಗೆ ಮಾತ್ರ. ಒಳಗೆ ಏನಿದೆಯೆಂದು ಗೊತ್ತಿಲ್ಲದೆ ಕೊಡಲಿ ಬೀಸಿದ್ದರೆ ಅದು ಒಂದು ಮಾತು. ತಿಳಿದವನು ತಡೆದ ಮೇಲೂ ಬೀಸಿದ್ದು ಇನ್ನೊಂದು ಮಾತು. ಇಂದಿನ ತಳಿಗಾರನಿಗೂ ಹಾವನ್ನು ನಡುಗಿಸುವ ಬಯಕೆಯಿಲ್ಲ. ಅವನಿಗೆ ಬೇಕಾದುದು ಬಣ್ಣ. 2014ಕ್ಕೆ ಮೊದಲು ಅವನು ‘ತಿಳಿಯದು’ ಎಂದಿದ್ದರೆ ಒಪ್ಪಬಹುದಿತ್ತೇನೋ. ಒಳಗಿವಿಯ ಚಿತ್ರವೇ ಪ್ರಕಟವಾದ ಮೇಲೆ ಹಾಗೆನ್ನಲಾಗದು.

ಸ್ಪೈಡರ್ ವಂಶವಾಹಿ ತಂದೆ ಅಥವಾ ತಾಯಿ, ಒಬ್ಬರಲ್ಲಿ ಇದ್ದರೂ ಮರಿಗಳಿಗೆ ಇಳಿಯುತ್ತದೆ. ಸರಾಸರಿ ಅರ್ಧದಷ್ಟು ಮರಿಗಳು ಆ ಬಲೆಯನ್ನೂ ನಡುಕದ ಮೂಲವನ್ನೂ ಹೊತ್ತು ಹುಟ್ಟುತ್ತವೆ. ಆರು ಮೊಟ್ಟೆಯಿದ್ದರೆ ಮೂರು ಎಂದು ತಳಿಗಾರ ಮೊದಲೇ ಬೆಲೆ ಹಾಕಿರುತ್ತಾನೆ. ಹೊಲ ಉಳುವಾಗ, ಅಡುಗೆ ಮಾಡುವಾಗ, ಮನೆ ಕಟ್ಟುವಾಗ ಆಗುವ ಆರಂಭೀ ಹಿಂಸೆಗೂ, ಜೀವನೋಪಾಯದಲ್ಲಿ ತಪ್ಪಿಸಲಾಗದ ಉದ್ಯೋಗೀ ಹಿಂಸೆಗೂ ಗೃಹಸ್ಥನಿಗೆ ಸ್ವಲ್ಪ ಅವಕಾಶವಿದೆ. ಇದನ್ನು ಅವುಗಳ ಸಾಲಿಗೆ ಸೇರಿಸಲು ನನಗೆ ಮನಸ್ಸು ಒಪ್ಪದು. ನೋವು ಇಲ್ಲಿ ಕೆಲಸದ ನಡುವೆ ಅಕಸ್ಮಾತ್ ಸಂಭವಿಸಿದ್ದಲ್ಲ. ಮಾರುವ ವಸ್ತುವಿನ ಭಾಗವಾಗಿಯೇ ಅದು ಹುಟ್ಟುತ್ತಿದೆ.

‘ಹಾವು ಉಣ್ಣುತ್ತದೆ, ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ನೋವಿದ್ದರೆ ಹಾಗೆ ಇರುತ್ತಿತ್ತೇ?’ ಎಂಬುದು ತಳಿಗಾರರ ಮುಖ್ಯ ವಾದ. ಇದಕ್ಕೆ ಉತ್ತರ ನಮ್ಮ ಸಂಪ್ರದಾಯದಲ್ಲಿ ಬಹಳ ಹಿಂದೆಯೇ ಸಿದ್ಧವಾಗಿದೆ. ಹಾವು ಪಂಚೇಂದ್ರಿಯ ಜೀವ. ಕೂಗಲು ಅದಕ್ಕೆ ದನಿಯಿಲ್ಲ, ಮುಖದಲ್ಲಿ ಭಾವ ತೋರಿಸಲು ಸ್ನಾಯುಗಳಿಲ್ಲ, ಮುಚ್ಚಲು ರೆಪ್ಪೆಯೂ ಇಲ್ಲ. ಕೂಗದಿರುವುದೇ ನೋವಿಲ್ಲದ ಸಾಕ್ಷಿಯಾಗುವುದಾದರೆ, ಒಂದೇ ಇಂದ್ರಿಯವಿರುವ ಗಿಡಕ್ಕೂ ನೀರಿಗೂ ವೇದನೆಯುಂಟೆಂದು ಹೇಳಿದ ನಮ್ಮ ಆಚಾರ್ಯರು ಏನನ್ನು ನೋಡಿ ಹಾಗೆ ಹೇಳಿದರು? ಹಿಂಸೆಯೆಂದರೆ ಪ್ರಾಣ ತೆಗೆಯುವುದಷ್ಟೇ ಎಂದು ಅವರು ತಿಳಿಯಲಿಲ್ಲ. ಐದು ಇಂದ್ರಿಯಪ್ರಾಣ, ಮೂರು ಬಲಪ್ರಾಣ, ಆಯು, ಉಸಿರು ಎಂಬ ಹತ್ತು ಪ್ರಾಣಗಳಲ್ಲಿ ಯಾವುದಕ್ಕೆ ಊನ ತಂದರೂ ಅದು ಹಿಂಸೆ. ಮಗುಚಿ ಬಿದ್ದರೆ ನೇರವಾಗಲು ಒದ್ದಾಡುವ, ಎದುರಿನ ಆಹಾರಕ್ಕೆ ಬಾಯಿ ಹಾಕಿದರೆ ಗುರಿ ತಪ್ಪುವ, ಹೆದರಿದಾಗ ನಡುಕ ಇನ್ನಷ್ಟು ಹೆಚ್ಚುವ ಹಾವಿನ ಕಾಯಬಲಕ್ಕೆ ಊನ ಬಂದಿಲ್ಲವೆಂದು ಹೇಗೆ ಹೇಳುವುದು? ಜೊತೆಗೆ ಈ ಹಾವಿನ ಆಯುಸ್ಸು ಸಣ್ಣದಲ್ಲ. ಸೆರೆಯಲ್ಲಿ ಇಪ್ಪತ್ತು-ಮೂವತ್ತು ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 62 ವರ್ಷ ದಾಟಿದ್ದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆಯಿಟ್ಟಿತು.

ಕೊಂಡವನ ಪಾಲು ಎಷ್ಟು? ಆ ತಾಯಿ ಬಾಯಿಬಿಟ್ಟು ಕೇಳದ ಪ್ರಶ್ನೆ ಇದು. ಮಗನಿಗೆ ದೋಷ ತಗುಲಿತೇ ಎಂಬ ಅಳುಕು ಪತ್ರದ ಸಾಲುಗಳ ನಡುವೆ ಕಾಣುತ್ತದೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಅನುಮೋದಿಸಿದ್ದು, ಈ ಮೂರನ್ನೂ ನಮ್ಮ ಧರ್ಮ ಒಂದೇ ತಕ್ಕಡಿಗೆ ಹಾಕುತ್ತದೆ. ಬೆಲೆ ಕೊಡುವವನಿಲ್ಲದಿದ್ದರೆ ಬಲೆಯ ಬಣ್ಣದ ಮರಿಗೆ ಮೊಟ್ಟೆಯೇ ಇರುತ್ತಿರಲಿಲ್ಲ. ಸಮಂತಭದ್ರಾಚಾರ್ಯರು ಗೃಹಸ್ಥರಿಗಾಗಿ ಬರೆದ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವೆಂಬ ವಿಚಾರವಿದೆ. ಯಾವ ಪ್ರಯೋಜನವೂ ಇಲ್ಲದೆ, ಬದುಕಿಗೆ ಅಗತ್ಯವಿಲ್ಲದೆ ಜೀವಗಳಿಗೆ ಮಾಡುವ ಕೇಡು ಅದು. ಅದರ ಐದು ಬಗೆಗಳಲ್ಲಿ ಮೊದಲನೆಯದಾದ ಪಾಪೋಪದೇಶವನ್ನು ವಿವರಿಸುವಾಗ ಪ್ರಾಣಿಗಳಿಗೆ ಕ್ಲೇಶ ಕೊಡುವ ಮಾತನ್ನೂ, ವ್ಯಾಪಾರ ಕುದುರಿಸುವ ಮಾತನ್ನೂ ಆಚಾರ್ಯರು ಹೆಸರಿಸಿದ್ದಾರೆ. ಮಾಡುವುದಿರಲಿ, ಅದಕ್ಕೆ ಪ್ರೇರೇಪಿಸುವ ಮಾತೇ ದಂಡಾರ್ಹ. ಬಣ್ಣದ ಹಾವನ್ನು ಕೈಗೆ ಸುತ್ತಿಕೊಂಡು ವಿಡಿಯೋ ಮಾಡಿ ಹತ್ತು ಜನರಿಗೆ ಆಸೆ ಹುಟ್ಟಿಸುವ ಇಂದಿನ ರೂಢಿಗೆ ಈ ಮಾತು ತಕ್ಕಂತೆ ಹೊಂದುತ್ತದೆ.

ಇಲ್ಲಿ ಒಂದು ಮಾತು ನಮ್ಮ ಊರಿನವರಿಗೂ ಹೇಳಬೇಕು. ಎಲ್ಲಾದರೂ ಬಿಳಿಯ ನಾಗರ ಕಾಣಿಸಿಕೊಂಡಿತೆಂದರೆ ಶ್ವೇತನಾಗನೆಂದು ಜನ ಸೇರುತ್ತಾರೆ, ಮೊಬೈಲ್ ಹಿಡಿದು ಅದರ ಬೆನ್ನು ಹತ್ತುತ್ತಾರೆ. ಅದೂ ವರ್ಣಹೀನತೆ ಎಂಬ ಹುಟ್ಟುದೋಷವೇ. ಮಣ್ಣಿನ ಬಣ್ಣದ ರಕ್ಷೆಯಿಲ್ಲದ ಆ ಹಾವನ್ನು ಗದ್ದೆಯಲ್ಲಿ ಗರುಡನೂ ಮುಂಗುಸಿಯೂ ಬೇಗ ಪತ್ತೆ ಮಾಡುತ್ತವೆ. ಪ್ರಕೃತಿಯಲ್ಲಿ ಅಂಥದ್ದು ಅಪರೂಪವಾಗಿ ಹುಟ್ಟಿ ಅಪರೂಪವಾಗಿಯೇ ಉಳಿಯುತ್ತದೆ. ಅದನ್ನು ದೇವರೆಂದು ನಾವು ನೋಡಿದರೆ, ಅಮೆರಿಕದವನು ಸರಕೆಂದು ನೋಡಿದ. ಕಣ್ಣಿಗೆ ಕಂಡ ಬಣ್ಣದ ಆಚೆ ಆ ಜೀವದ ಪಾಡನ್ನು ನೋಡದೆ ಹೋದದ್ದರಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ ನೆಲದ ಹಾವುಗಳನ್ನು, ಹೆಬ್ಬಾವಿರಲಿ ನಾಗರವಿರಲಿ, ಹಿಡಿದು ಸಾಕುವುದು ಅಪರಾಧ. ವಿದೇಶೀ ಪ್ರಾಣಿಗಳ ವಿಷಯ ಬಹುಕಾಲ ಸಡಿಲವಾಗಿತ್ತು. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂತಹ ಪ್ರಾಣಿಗಳನ್ನು ಇಟ್ಟುಕೊಂಡವರು ತಾವಾಗಿಯೇ ಘೋಷಿಸಲು ಅವಕಾಶ ಕೊಟ್ಟಿತು. 2022ರ ತಿದ್ದುಪಡಿಯ ಮೂಲಕ, ಅಂತಾರಾಷ್ಟ್ರೀಯ ವ್ಯಾಪಾರದ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿರುವ ಜೀವಿಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿದವು. 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳಂತೆ ಇಟ್ಟುಕೊಂಡವರು ಆರು ತಿಂಗಳೊಳಗೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕಿತ್ತು. ಒಳ್ಳೆಯ ನಿಯಮ. ಆದರೆ ಅದು ಕೇಳುವುದು ಪ್ರಾಣಿ ಎಲ್ಲಿಂದ ಬಂತು, ಎಷ್ಟಿವೆ, ಯಾರ ಒಡೆತನ ಎಂಬುದನ್ನು. ಹುಟ್ಟಿದ ಮರಿಯ ತಲೆ ನಡುಗುತ್ತದೆಯೇ ಎಂಬುದು ಅದರ ವಿಷಯವಲ್ಲ. ಜರ್ಮನಿಯ ಪ್ರಾಣಿಸಂರಕ್ಷಣಾ ಕಾಯ್ದೆ ಸಂತತಿಗೆ ನೋವು ಅಥವಾ ಅಂಗದೋಷ ಬರುತ್ತದೆಂದು ತಿಳಿದೂ ತಳಿ ಮಾಡುವುದನ್ನು ನಿಷೇಧಿಸಿದೆ. ಬ್ರಿಟನ್ನಿನಲ್ಲಿ ಹಾವು-ಹಲ್ಲಿ ಸಾಕುವವರದೇ ಸಂಸ್ಥೆಯಾದ ಇಂಟರ್‌ನ್ಯಾಷನಲ್ ಹರ್ಪೆಟಾಲಾಜಿಕಲ್ ಸೊಸೈಟಿ 2018ರ ಹೊತ್ತಿಗೆ ತನ್ನ ಮೇಳಗಳಲ್ಲಿ ಸ್ಪೈಡರ್ ತಳಿಯ ಮಾರಾಟವನ್ನು ತಾನೇ ನಿಲ್ಲಿಸಿತು. ಅವರಿಗೆ ಅನರ್ಥದಂಡವೆಂಬ ಪದ ಗೊತ್ತಿಲ್ಲ, ಕೆಲಸ ಗೊತ್ತಿತ್ತು.

ಇನ್ನು ಕೊನೆಯ ಪ್ರಶ್ನೆ. ಈಗಾಗಲೇ ಹುಟ್ಟಿ, ಈಗಾಗಲೇ ಮನೆಯೊಳಗೆ ಇರುವ ಹಾವನ್ನು ಏನು ಮಾಡುವುದು?

ನಾಗಬನಕ್ಕೆ ಬಿಡಬಾರದು. ನಮ್ಮ ಕಡೆ ಅನೇಕ ಜೈನ ಮನೆತನಗಳೂ ಬನವನ್ನು ಕಾಯ್ದುಕೊಂಡು ಬಂದಿವೆ. ಅಲ್ಲಿ ಬಿಟ್ಟರೆ ನಾಗನ ಆಶ್ರಯಕ್ಕೆ ಒಪ್ಪಿಸಿದಂತೆ ಎಂದು ಆ ತಾಯಿ ಭಾವಿಸಿರುವುದು ಸಹಜ. ಆದರೆ ಇದು ಈ ನೆಲದ ಹಾವಲ್ಲ. ತಲೆ ನಿಲ್ಲದ ಹಾವು ಬೇಟೆಯಾಡಲಾರದು. ಹಸಿವಿನಿಂದಲೋ ಗರುಡನ ಉಗುರಿನಿಂದಲೋ ಸಾಯುತ್ತದೆ. ಆರೋಗ್ಯವಾಗಿದ್ದ ಹಾವಾದರೂ ಅಷ್ಟೇ: ಹೊರನಾಡಿನ ಜೀವಿ ತನ್ನೊಡನೆ ಹೊರನಾಡಿನ ರೋಗವನ್ನೂ ತರಬಹುದು. ಮೂಕಾಂಬಿಕಾ ಅಭಯಾರಣ್ಯದಿಂದ ಆಗುಂಬೆಯವರೆಗಿನ ನಮ್ಮ ಕಾಡು ಕಾಳಿಂಗನ ಮನೆ. ಪಶ್ಚಿಮಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದಕ್ಕೆ ‘ಕಾಳಿಂಗ’ ಎಂಬ ಕನ್ನಡದ ಹೆಸರನ್ನೇ ಇಟ್ಟಿದ್ದಾರೆ. ಬೇರೆ ಹಾವುಗಳನ್ನು ತಿಂದು ಬದುಕುವ ಆ ಜೀವದ ಕಾಡಿಗೆ, ತಲೆ ನೇರ ಹಿಡಿಯಲಾರದ ಪರದೇಶಿ ಹಾವೊಂದನ್ನು ಬಿಡುವುದಕ್ಕೆ ಅಭಯದಾನವೆಂಬ ಹೆಸರು ಸಲ್ಲದು.

ಕೊಂದು ಮುಗಿಸಬಹುದೇ? ‘ಪಾಪ, ನೋವಿನಿಂದ ಬಿಡುಗಡೆಯಾಗಲಿ’ ಎಂಬ ಮಾತು ದಯೆಯಂತೆ ಕೇಳುತ್ತದೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಎತ್ತಿಕೊಂಡೇ ತಳ್ಳಿಹಾಕಿದ್ದಾರೆ. ದುಃಖಿಯಾದ ಜೀವವನ್ನು ಬೇಗ ದುಃಖದಿಂದ ಬಿಡಿಸುವೆನೆಂದು ಕೊಲ್ಲುವುದು ಅವರಿಗೆ ಒಪ್ಪಿಗೆಯಿಲ್ಲ. ಹಿಂಸ್ರ ಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿದಾವೆಂಬ ಲೆಕ್ಕವನ್ನೂ ಅವರು ಅಲ್ಲೇ ನಿರಾಕರಿಸಿದ್ದಾರೆ.

ಹಾಗಾದರೆ ಸಾಕಬೇಕು. ಇಲ್ಲಿಗೆ ಬಂದಾಗ ನಿಜವಾದ ಗಂಟು ಎದುರಾಗುತ್ತದೆ, ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಹಾವು ಮಾಂಸಾಹಾರಿ. ಹಾಲು ಅದರ ಆಹಾರವಲ್ಲ. ನಾಗರ ಪಂಚಮಿಯಂದು ನಾವು ಎರೆಯುವ ಹಾಲು ನಮ್ಮ ಭಕ್ತಿಯ ಆಹಾರ, ಹಾವಿನದಲ್ಲ. ಬಾಲ್ ಪೈಥಾನಿಗೆ ಇಲಿ ಬೇಕು. ಜೈನ ಗೃಹಸ್ಥ ಇಲಿಯನ್ನು ಕೊಂಡು ತಂದು ಹಾಕುವುದೇ? ಹಾಕದಿದ್ದರೆ ಅನ್ನಪಾನನಿರೋಧ, ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಹಾಕಿದರೆ ಇನ್ನೊಂದು ಪಂಚೇಂದ್ರಿಯ ಜೀವದ ಘಾತ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾ ಗ್ರಂಥದಲ್ಲಿ ಬೆಕ್ಕು ಮುಂತಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು, ಆಯುಧ ಮಾರುವುದರೊಡನೆ ಸೇರಿಸಿ, ಅನರ್ಥದಂಡವೆಂದು ಎಣಿಸಿರುವುದು ಈ ಗಂಟನ್ನು ಮುಂಗಂಡೇ. ಬೆಕ್ಕಿನ ಮೇಲೆ ಆಚಾರ್ಯರಿಗೆ ಮುನಿಸಿರಲಿಲ್ಲ. ಒಮ್ಮೆ ಮನೆಯೊಳಗೆ ತಂದು ಕಟ್ಟಿಕೊಂಡರೆ ಎರಡು ಹಿಂಸೆಗಳ ನಡುವೆ ಒಂದನ್ನು ಆರಿಸುವ ಸ್ಥಿತಿ ಬರುತ್ತದೆಂದು ಅವರಿಗೆ ತಿಳಿದಿತ್ತು.

ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಜೈನರ ಪಕ್ಷಿ ಆಸ್ಪತ್ರೆ ಈ ಗಂಟನ್ನು ತನ್ನದೇ ರೀತಿಯಲ್ಲಿ ನಿಭಾಯಿಸಿದೆ. ಗಾಯಗೊಂಡ ಪಾರಿವಾಳ, ಗಿಳಿಗಳನ್ನು ಒಳಗೆ ಇಟ್ಟುಕೊಂಡು ಉಪಚರಿಸುತ್ತಾರೆ. ಹದ್ದು, ಗಿಡುಗ ಬಂದರೆ ಔಷಧ ಮಾಡಿ ಕಳುಹಿಸುತ್ತಾರೆ, ಒಳಗೆ ಇರಿಸಿಕೊಳ್ಳುವುದಿಲ್ಲ. ಇದನ್ನು ಕೆಲವರು ಪಕ್ಷಪಾತವೆಂದು ನಗುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತನ್ನ ವ್ರತದ ಎಲ್ಲೆ ಎಲ್ಲಿದೆಯೆಂದು ತಿಳಿದು, ಆ ಎಲ್ಲೆಯವರೆಗೂ ಹೋಗಿ ಸೇವೆ ಮಾಡುವ ಪ್ರಾಮಾಣಿಕತೆ ಅಲ್ಲಿದೆ. ಅಪಾಯದಲ್ಲಿರುವ ಹಿಂಸ್ರ ಜೀವಿಗೆ ಕ್ಷಣಕಾಲ ನೆರವಾಗುವುದು ಒಂದು. ಶೋಕಿಗಾಗಿ ಅದನ್ನು ಮೂವತ್ತು ವರ್ಷ ಪೆಟ್ಟಿಗೆಯಲ್ಲಿಡುವುದು ಇನ್ನೊಂದು.

ಆದ್ದರಿಂದ ನಾನು ಆ ತಾಯಿಗೆ ಫೋನಿನಲ್ಲಿ ಹೇಳಿದ್ದು ಹೀಗೆ. ಮಗ ಮೊದಲು ಅರಣ್ಯ ಇಲಾಖೆಯ ವನ್ಯಜೀವಿ ಕಚೇರಿಗೆ ಹೋಗಿ ಹಾವಿನ ವಿಷಯ ತಾನಾಗಿಯೇ ತಿಳಿಸಲಿ. ನೋಂದಣಿಯ ಗಡುವು ದಾಟಿದೆಯೆಂದು ಅಡಗಿಸಿಡುವುದು ಸತ್ಯಾಣುವ್ರತಕ್ಕೂ ಒಳ್ಳೆಯದಲ್ಲ, ಹಾವಿಗೂ ಒಳ್ಳೆಯದಲ್ಲ. ಅವರು ಮೃಗಾಲಯಕ್ಕೋ ಪುನರ್ವಸತಿ ಕೇಂದ್ರಕ್ಕೋ ಕೊಡೆಂದರೆ ಕೊಡಲಿ. ಅಲ್ಲಿಯವರೆಗೆ ಅದನ್ನು ಯಾರಿಗೂ ಮಾರಬಾರದು, ಇನ್ನೊಂದು ಹಾವಿನೊಡನೆ ಜೋಡಿ ಮಾಡಬಾರದು. ಗದ್ದಲವಿಲ್ಲದ ಜಾಗದಲ್ಲಿ ಇರಿಸಿ, ಬಂದವರಿಗೆಲ್ಲ ತೋರಿಸಲು ಎತ್ತಬಾರದು. ಹೆದರಿದಷ್ಟೂ ಅದರ ನಡುಕ ಹೆಚ್ಚುತ್ತದೆ. ಹತ್ತಿ ಬೀಳುವ ಕೊಂಬೆ, ಕಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆಯಲಿ. ಹಾವುಗಳ ಚಿಕಿತ್ಸೆ ಬಲ್ಲ ಪಶುವೈದ್ಯರಿಗೆ ಒಮ್ಮೆ ತೋರಿಸಲಿ. ಆಹಾರ ಕೊಡುವ ಕೆಲಸದಲ್ಲಿ ಆಗುವ ಹಿಂಸೆಯನ್ನು ಹಿಂಸೆಯೆಂದೇ ಒಪ್ಪಿಕೊಂಡು, ಕೊಂಡು ತಂದ ತಪ್ಪಿನ ಫಲವೆಂದು ತಿಳಿದು, ಪ್ರತಿಕ್ರಮಣದಲ್ಲಿ ಅದನ್ನು ನೆನೆಯಲಿ.

‘ಅವನು ನಿಮ್ಮ ಮಾತು ಕೇಳ್ತಾನೆ ಮಾಷ್ಟ್ರೇ, ನೀವೇ ಹೇಳಿ’ ಎಂದರು. ಆ ಸಂಜೆ ಹುಡುಗನೊಡನೆ ಮಾತನಾಡಿದೆ. ಕೆಟ್ಟ ಹುಡುಗನಲ್ಲ. ಹಾವಿನ ತಲೆ ವಾಲುವುದನ್ನು ಮಾರಿದವರು ‘ಈ ತಳಿಯ ಗುಣ’ ಎಂದಿದ್ದರಂತೆ. ಗುಣವೆಂದರೆ ಒಳ್ಳೆಯದೇ ಇರಬೇಕೆಂದು ಅವನು ತಿಳಿದಿದ್ದ. ಜೋಡಿಗಾಗಿ ಹೆಣ್ಣು ಮರಿಯೊಂದಕ್ಕೆ ಮುಂಗಡ ಕೊಟ್ಟಿದ್ದನ್ನು ತಾಯಿಗೆ ಹೇಳಿರಲಿಲ್ಲ. ಅದನ್ನು ಬಿಟ್ಟುಬಿಡುವುದಾಗಿ ಹೇಳಿದ. ಹಣ ಮರಳಿ ಬಾರದು ಎಂದೂ ಹೇಳಿದ. ಅರಣ್ಯ ಇಲಾಖೆಯ ಕಚೇರಿಗೆ ಹೋಗುವ ಬಗ್ಗೆ ಸ್ವಲ್ಪ ಹೆದರಿದ್ದಾನೆ, ಜೊತೆಗೆ ವಕೀಲ ಮಿತ್ರನೊಬ್ಬನನ್ನು ಕರೆದುಕೊಂಡು ಹೋಗುತ್ತಾನಂತೆ. ಕಾಳಾವರದ ಷಷ್ಠಿಗೆ ಪ್ರತಿವರ್ಷ ಊರಿಗೆ ಬರುವವನು. ಈ ಬಾರಿ ಹಾವನ್ನು ನೋಡಿಕೊಳ್ಳುವವರು ಯಾರೂ ಸಿಕ್ಕದಿದ್ದರೆ ತಾನು ಬರುವುದಿಲ್ಲವೆಂದು ತಾಯಿಗೆ ತಿಳಿಸಿದ್ದಾನೆ.